ತಲೆಬಾಗಿಲು, ಹಿತ್ತಿಲು, ಪಕ್ಕದ ಬಾಗಿಲು: ಒಬ್ಬ ಕಾಲೇಜು ಪ್ರವೇಶ ಸಲಹೆಗಾರನ ವೃತ್ತಿ ಹಿನ್ನೆಲೆ

2019ರ ಮಾರ್ಚ್ 12ರಂದು ಬಾಸ್ಟನ್ ನಗರದ ಫೆಡರಲ್ ನ್ಯಾಯಾಲಯದಲ್ಲಿ ವಿಲಿಯಂ ರಿಕ್ ಸಿಂಗರ್ ಎಂಬ ವ್ಯಕ್ತಿ ತನ್ನ ಮೇಲಿನ ನಾಲ್ಕು ಆರೋಪಗಳನ್ನು ಒಪ್ಪಿಕೊಂಡ. ಸಂಘಟಿತ ಅಪರಾಧದ ಒಳಸಂಚು, ಅಕ್ರಮ ಹಣ ವರ್ಗಾವಣೆಯ ಒಳಸಂಚು, ಸರ್ಕಾರವನ್ನು ವಂಚಿಸುವ ಒಳಸಂಚು ಹಾಗೂ ನ್ಯಾಯಕ್ಕೆ ಅಡ್ಡಿ ಇವೇ ಆ ನಾಲ್ಕು. ಅದೇ ದಿನ ಒಟ್ಟು 50 ಮಂದಿಯ ಮೇಲಿನ ಆರೋಪಗಳು ಬಹಿರಂಗವಾದವು. ಅವರಲ್ಲಿ 33 ಮಂದಿ ತಂದೆತಾಯಂದಿರು. ಹೆಸರಾಂತ ವಿಶ್ವವಿದ್ಯಾಲಯಗಳಲ್ಲಿ ಮಕ್ಕಳಿಗೆ ಸೀಟು ಕೊಡಿಸಲು ಸಿಂಗರ್ ಮೂಲಕ ಪರೀಕ್ಷೆಯಲ್ಲಿ ಮೋಸ ಮಾಡಿಸಿದ, ಕೋಚ್‌ಗಳಿಗೆ ಲಂಚ ಮುಟ್ಟಿಸಿದ ಹಗರಣವದು. ತನಿಖೆಯ ಗುಪ್ತನಾಮವಾಗಿದ್ದ ‘ವಾರ್ಸಿಟಿ ಬ್ಲೂಸ್’ ಎಂಬ ಹೆಸರೇ ಪ್ರಕರಣಕ್ಕೂ ನಿಂತಿತು. ಆರೋಪಿಗಳ ಪಟ್ಟಿಯಲ್ಲಿ ಇಬ್ಬರು ಹಾಲಿವುಡ್ ನಟಿಯರಿದ್ದುದರಿಂದ ಸುದ್ದಿಯ ಬಹುಪಾಲು ಅವರ ಸುತ್ತಲೇ ಸುತ್ತಿತು. ಈ ಬರಹ ಅವರನ್ನು ಬದಿಗಿಟ್ಟು ಒಂದೇ ಪ್ರಶ್ನೆಯನ್ನು ಹಿಡಿದು ಹೊರಡುತ್ತದೆ: ಸ್ವತಂತ್ರ ಕಾಲೇಜು ಪ್ರವೇಶ ಸಲಹೆಗಾರನೆಂದು ಎರಡು ದಶಕಕ್ಕೂ ಹೆಚ್ಚು ಕಾಲ ಕರೆಸಿಕೊಂಡ ಈ ಮನುಷ್ಯನ ವೃತ್ತಿ ಹಿನ್ನೆಲೆ ಏನಾಗಿತ್ತು, ಮತ್ತು ಅದನ್ನು ಮುಂಚೆಯೇ ಯಾರಾದರೂ ಗಮನವಿಟ್ಟು ಓದಿದ್ದರೆ ಏನು ತಿಳಿಯುತ್ತಿತ್ತು?

ಮೊದಲು ಆ ವೃತ್ತಿಯ ಬಗೆಗೆ ಸ್ವಲ್ಪ ಹೇಳಬೇಕು. ಸಿಇಟಿ ರ‍್ಯಾಂಕ್ ಬಂದ ಮೇಲೆ ಆಯ್ಕೆಗಳನ್ನು ಯಾವ ಕ್ರಮದಲ್ಲಿ ತುಂಬಬೇಕೆಂಬುದಷ್ಟೇ ಚಿಂತೆಯಾಗಿರುವ ನಮ್ಮ ಓದುಗರಿಗೆ ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯಗಳ ಪ್ರವೇಶ ಪದ್ಧತಿ ವಿಚಿತ್ರವೆನಿಸಬಹುದು. ಅಲ್ಲಿ ಅಂಕವೊಂದೇ ನಿರ್ಣಾಯಕವಲ್ಲ. ನಾಲ್ಕು ವರ್ಷದ ಪ್ರೌಢಶಾಲೆಯ ದಾಖಲೆ, ವಿದ್ಯಾರ್ಥಿ ತಾನೇ ಬರೆದ ಪ್ರಬಂಧ, ಶಿಕ್ಷಕರ ಶಿಫಾರಸು ಪತ್ರ, ಪಾಠದಾಚೆಯ ಚಟುವಟಿಕೆ ಎಲ್ಲವನ್ನೂ ಒಟ್ಟಾಗಿ ತೂಗಿ ಪ್ರವೇಶ ಕಚೇರಿಯ ಅಧಿಕಾರಿಗಳು ತೀರ್ಮಾನಿಸುತ್ತಾರೆ. ಈ ತೂಕದಲ್ಲಿ ಯಾವುದಕ್ಕೆ ಎಷ್ಟು ಬೆಲೆ ಎಂಬುದು ಹೊರಗಿನವರಿಗೆ ಕಾಣುವುದಿಲ್ಲವಾದ್ದರಿಂದ ದಾರಿ ತೋರಿಸುವವರ ಅಗತ್ಯ ಹುಟ್ಟುತ್ತದೆ. ಆ ಕೆಲಸ ಮಾಡಬೇಕಾದವರು ಶಾಲೆಯ ಸಲಹೆಗಾರರು. ಆದರೆ 2018–19ರಲ್ಲಿ ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಸರಾಸರಿ 430 ವಿದ್ಯಾರ್ಥಿಗಳಿಗೆ ಒಬ್ಬ ಸಲಹೆಗಾರರಿದ್ದರು. ಆ ವೃತ್ತಿಯವರ ರಾಷ್ಟ್ರೀಯ ಸಂಘ ಶಿಫಾರಸು ಮಾಡುವುದು 250ಕ್ಕೆ ಒಬ್ಬರನ್ನು. ಈ ಅಂತರದಲ್ಲಿ ಬೆಳೆದದ್ದೇ ಸ್ವತಂತ್ರ ಸಲಹೆಗಾರರ ವೃತ್ತಿ.

ಶಾಲೆಯ ಸಲಹೆಗಾರರಾಗಲು ಅಲ್ಲಿನ ರಾಜ್ಯಗಳು ಪರವಾನಗಿಯನ್ನೋ ಪ್ರಮಾಣಪತ್ರವನ್ನೋ ಕೇಳುತ್ತವೆ. ಸ್ವತಂತ್ರ ಸಲಹೆಗಾರರಾಗಲು ಅಂಥದ್ದೇನೂ ಬೇಕಿಲ್ಲ. ಕ್ಷೌರದಂಗಡಿ ಇಡುವವರೂ ಪರವಾನಗಿ ಪಡೆಯಬೇಕಾದ ಕ್ಯಾಲಿಫೋರ್ನಿಯದಲ್ಲಿ, ಹದಿನೇಳು ವರ್ಷದ ಮಗುವಿನ ಭವಿಷ್ಯದ ಬಗ್ಗೆ ಸಾವಿರಾರು ಡಾಲರ್ ಪಡೆದು ಸಲಹೆ ಕೊಡುವವರಿಗೆ ವಿಸಿಟಿಂಗ್ ಕಾರ್ಡ್ ಸಾಕು. ಈ ಕೊರತೆಯನ್ನು ತುಂಬಲು ವೃತ್ತಿಯವರೇ ಕಟ್ಟಿಕೊಂಡ ಸಂಘಗಳಿವೆ. 1976ರಲ್ಲಿ ಆರಂಭವಾದ ಸ್ವತಂತ್ರ ಶೈಕ್ಷಣಿಕ ಸಲಹೆಗಾರರ ಸಂಘವು ತನ್ನ ಪೂರ್ಣ ಸದಸ್ಯತ್ವಕ್ಕೆ ಸ್ನಾತಕೋತ್ತರ ಪದವಿ, ಕ್ಷೇತ್ರದಲ್ಲಿ ಅನುಭವ, ಕಾಲೇಜುಗಳಿಗೆ ಖುದ್ದಾಗಿ ಭೇಟಿ ಕೊಟ್ಟ ದಾಖಲೆ ಮತ್ತು ಪರಿಚಿತರ ಶಿಫಾರಸುಗಳನ್ನು ಕೇಳುತ್ತದೆ. ವಿದ್ಯಾರ್ಥಿಯನ್ನು ಸೇರಿಸಿದ್ದಕ್ಕಾಗಿ ಕಾಲೇಜಿನಿಂದ ಹಣ ಪಡೆಯುವುದನ್ನು ನಿಷೇಧಿಸುತ್ತದೆ. ವಿಶ್ವವಿದ್ಯಾಲಯಗಳು ನಡೆಸುವ ಪ್ರಮಾಣಪತ್ರ ಕೋರ್ಸುಗಳೂ ಇವೆ. ಆದರೆ ಇವೆಲ್ಲ ಇಷ್ಟವಿದ್ದವರಿಗೆ ಮಾತ್ರ. ಸಿಂಗರ್ ಈ ಸಂಘದ ಸದಸ್ಯನಾಗಿರಲಿಲ್ಲ. ಆಗದೆ ಇದ್ದುದರಿಂದ ಅವನ ವ್ಯವಹಾರಕ್ಕೆ ಕೂದಲೆಳೆಯಷ್ಟೂ ತೊಂದರೆಯಾಗಲಿಲ್ಲ.

ಕ್ರೀಡಾಂಗಣದಿಂದ ಕಚೇರಿಗೆ

ಸಿಂಗರ್ ಇಲಿನಾಯ್ ರಾಜ್ಯದ ಷಿಕಾಗೊ ಸಮೀಪದ ಊರೊಂದರಲ್ಲಿ ಬೆಳೆದವನು. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿರುವ ಟ್ರಿನಿಟಿ ವಿಶ್ವವಿದ್ಯಾಲಯದಿಂದ 1986ರಲ್ಲಿ ಪದವಿ ಪಡೆದ. ಆಮೇಲೆ ಹಿಡಿದದ್ದು ಬಾಸ್ಕೆಟ್‌ಬಾಲ್ ಕೋಚ್ ಕೆಲಸ. ಕ್ಯಾಲಿಫೋರ್ನಿಯದ ಸ್ಯಾಕ್ರಮೆಂಟೊದಲ್ಲಿ ಮೊದಲು ಒಂದು ಪ್ರೌಢಶಾಲೆಯ ತಂಡಕ್ಕೆ, ನಂತರ ಅಲ್ಲಿನ ರಾಜ್ಯ ವಿಶ್ವವಿದ್ಯಾಲಯದ ತಂಡಕ್ಕೆ ಸಹಾಯಕನಾಗಿ 1990ರ ದಶಕದ ಆರಂಭದವರೆಗೆ ದುಡಿದ. ಕಾಲೇಜು ಕ್ರೀಡೆಯ ಸಹಾಯಕ ಕೋಚ್‌ಗಳ ಮುಖ್ಯ ಕೆಲಸಗಳಲ್ಲಿ ಒಂದು, ಊರೂರು ಸುತ್ತಿ ಪ್ರೌಢಶಾಲೆಯ ಪ್ರತಿಭಾವಂತ ಆಟಗಾರರನ್ನು ಹುಡುಕಿ, ಅವರ ಮನೆಗೆ ಹೋಗಿ, ತಾಯ್ತಂದೆಯರ ಮನವೊಲಿಸಿ, ನಮ್ಮ ಕಾಲೇಜಿಗೇ ಬರಬೇಕೆಂದು ಒಪ್ಪಿಸುವುದು. ಅಂದರೆ ಮನೆಯ ನಡುಮನೆಯಲ್ಲಿ ಕುಳಿತು, ಮಗುವಿನ ಮುಂದಿನ ನಾಲ್ಕು ವರ್ಷಗಳ ಬಗ್ಗೆ ನಂಬಿಕೆ ಹುಟ್ಟುವಂತೆ ಮಾತಾಡುವ ಕಲೆಯನ್ನು ಆ ಉದ್ಯೋಗ ಕಲಿಸುತ್ತದೆ. ಅದರ ಜೊತೆಗೇ ಇನ್ನೊಂದು ಗುಟ್ಟೂ ತಿಳಿಯುತ್ತದೆ: ಕೋಚ್ ಒಬ್ಬ ತನಗೆ ಬೇಕಾದವರ ಪಟ್ಟಿಯನ್ನು ಪ್ರವೇಶ ಕಚೇರಿಗೆ ಕೊಟ್ಟರೆ ಅದನ್ನು ಅಲ್ಲಿ ಹೇಗೆ ಓದುತ್ತಾರೆ ಎಂಬುದು.

1990ರ ದಶಕದ ಮೊದಲ ಭಾಗದಲ್ಲಿ ಆತ ಸ್ಯಾಕ್ರಮೆಂಟೊದಲ್ಲಿ ‘ಫ್ಯೂಚರ್ ಸ್ಟಾರ್ಸ್’ ಎಂಬ ಸಲಹಾ ಸಂಸ್ಥೆ ತೆರೆದ. ಆ ಊರಿನಲ್ಲಿ ಹಣ ಪಡೆದು ಇಂಥ ಸಲಹೆ ಕೊಡುವವರು ಆಗ ಬೆರಳೆಣಿಕೆಯಷ್ಟು. ಕೆಲವು ವರ್ಷಗಳಲ್ಲಿ ಅದನ್ನು ಮಾರಿ ಕಾಲ್ ಸೆಂಟರ್ ವ್ಯವಹಾರಕ್ಕೆ ಇಳಿದು, ನೆಬ್ರಾಸ್ಕದ ಒಮಾಹಾದಲ್ಲಿದ್ದು, 2000ದ ದಶಕದ ಮಧ್ಯದ ಹೊತ್ತಿಗೆ ಸಲಹೆಗಾರಿಕೆಗೇ ಮರಳಿದ. ತನಿಖಾಧಿಕಾರಿಗಳ ಪ್ರಮಾಣಪತ್ರದಂತೆ 2007ರ ಸುಮಾರಿಗೆ ಆರಂಭವಾದ, ‘ದಿ ಕೀ’ ಎಂದೇ ಪರಿಚಿತವಾದ ಸಂಸ್ಥೆ ಅವನ ಕೊನೆಯ ಹಾಗೂ ಅತಿದೊಡ್ಡ ಅಂಗಡಿ. ಅದರ ನೆಲೆ ಕಡಲತೀರದ ಸಿರಿವಂತ ಪಟ್ಟಣವಾದ ನ್ಯೂಪೋರ್ಟ್ ಬೀಚ್. 2012ರ ಸುಮಾರಿಗೆ ಇದರ ಪಕ್ಕದಲ್ಲೇ ಒಂದು ದತ್ತಿ ಪ್ರತಿಷ್ಠಾನವೂ ಎದ್ದಿತು.

ಈ ಹಿನ್ನೆಲೆಯನ್ನು ಒಮ್ಮೆ ತಣ್ಣಗೆ ಓದಿ ನೋಡಿದರೆ ಎದ್ದು ಕಾಣುವ ಸಂಗತಿ ಇದು. ಪ್ರವೇಶ ಕಚೇರಿಯೊಂದರಲ್ಲಿ ಕುಳಿತು ಅರ್ಜಿಗಳನ್ನು ತೂಗಿದ ವರ್ಷಗಳಾಗಲಿ, ಶಾಲೆಯ ಸಲಹೆಗಾರನಾಗಿ ಸವೆಸಿದ ವರ್ಷಗಳಾಗಲಿ ಅವನ ಹೆಸರನ್ನು ಮಾಡಿದ ಸಂಗತಿಗಳಾಗಿರಲಿಲ್ಲ. ಈ ವೃತ್ತಿಗೆ ಬರುವವರಲ್ಲಿ ಹೆಚ್ಚಿನವರು ಈ ಎರಡು ದಾರಿಗಳಲ್ಲಿ ಒಂದರಿಂದ ಬಂದವರು. ಸಿಂಗರ್ ಬಂದದ್ದು ಮೂರನೆಯ ದಾರಿಯಿಂದ, ಆಟದ ಮೈದಾನದಿಂದ ಮತ್ತು ಮಾರಾಟದ ಜಗತ್ತಿನಿಂದ. ಹಾಗೆ ಬಂದದ್ದೇ ತಪ್ಪೆಂದು ಹೇಳುವುದು ಅನ್ಯಾಯವಾದೀತು. ಕೋಚ್ ಆಗಿದ್ದು ಆಮೇಲೆ ಒಳ್ಳೆಯ ಸಲಹೆಗಾರರಾದವರು ಇರಬಹುದು. ಅಷ್ಟೇ ಅಲ್ಲ, ಅವನ ಸಂಸ್ಥೆಯಲ್ಲಿ ನಿಜವಾಗಿ ಪಾಠ ಹೇಳಿದ, ಪ್ರಬಂಧ ತಿದ್ದಿದ, ಕಾಲೇಜುಗಳ ಪಟ್ಟಿ ಮಾಡಿಕೊಟ್ಟ ಕೆಲಸವೂ ನಡೆಯುತ್ತಿತ್ತು. ಸಾಚಾ ಕೆಲಸವೂ ಖೋಟಾ ಕೆಲಸವೂ ಒಂದೇ ಸೂರಿನಡಿ ನಡೆಯುತ್ತಿದ್ದುದರಿಂದಲೇ ಸಾಚಾ ಗಿರಾಕಿಗಳ ಮೆಚ್ಚುಗೆಯ ಮಾತು ಖೋಟಾ ವ್ಯವಹಾರಕ್ಕೆ ಜಾಮೀನಾಯಿತು.

ಮೂರು ಬಾಗಿಲುಗಳ ಲೆಕ್ಕ

ತನಿಖೆಯ ವೇಳೆ ದಾಖಲಾದ ದೂರವಾಣಿ ಸಂಭಾಷಣೆಯೊಂದರಲ್ಲಿ ಸಿಂಗರ್ ತನ್ನ ಕಸುಬನ್ನು ಗಿರಾಕಿಯೊಬ್ಬರಿಗೆ ತಾನೇ ವಿವರಿಸಿದ್ದಾನೆ. ಅವನ ಲೆಕ್ಕದಲ್ಲಿ ಕಾಲೇಜಿಗೆ ತಲೆಬಾಗಿಲಿದೆ, ಅದು ಸ್ವಂತ ಬಲದಿಂದ ಹೋಗುವವರಿಗೆ. ಹಿತ್ತಿಲ ಬಾಗಿಲಿದೆ, ಅದು ವಿಶ್ವವಿದ್ಯಾಲಯಕ್ಕೆ ದೊಡ್ಡ ದೇಣಿಗೆ ಕೊಟ್ಟು ಹೋಗುವವರಿಗೆ. ಅದಕ್ಕೆ ಹತ್ತು ಪಟ್ಟು ಹಣ ಬೇಕು, ಕೊಟ್ಟರೂ ಖಾತರಿಯಿಲ್ಲ. ತಾನು ಕಟ್ಟಿದ್ದು ಪಕ್ಕದ ಬಾಗಿಲು, ಅದರಲ್ಲಿ ಖಾತರಿಯಿದೆ. ದೇಶದ ಅತಿ ಶ್ರೀಮಂತ ಕುಟುಂಬಗಳು ತನ್ನಿಂದ ಬಯಸುವುದು ಖಾತರಿಯನ್ನೇ ಎಂದೂ ಆತ ಹೇಳುತ್ತಾನೆ.

ಪಕ್ಕದ ಬಾಗಿಲಿಗೆ ಎರಡು ಕದಗಳಿದ್ದವು. ಮೊದಲನೆಯದು ಪರೀಕ್ಷೆ. ವಿದ್ಯಾರ್ಥಿಗೆ ಕಲಿಕೆಯ ತೊಂದರೆಯಿದೆಯೆಂದು ವೈದ್ಯಕೀಯ ದಾಖಲೆ ಮಾಡಿಸಿ ಹೆಚ್ಚುವರಿ ಸಮಯ ಪಡೆಯುವುದು, ಆಮೇಲೆ ಮದುವೆಯೋ ಮತ್ತೊಂದೋ ನೆಪ ಹೇಳಿ ಪರೀಕ್ಷಾ ಕೇಂದ್ರವನ್ನು ಹ್ಯೂಸ್ಟನ್‌ಗೋ ವೆಸ್ಟ್ ಹಾಲಿವುಡ್‌ಗೋ ಬದಲಿಸಿಕೊಳ್ಳುವುದು; ಆ ಎರಡೂ ಕೇಂದ್ರಗಳ ಉಸ್ತುವಾರಿಗಳು ಹಣ ಪಡೆದವರು. ಅಲ್ಲಿಗೆ ಫ್ಲೋರಿಡದಿಂದ ಮಾರ್ಕ್ ರಿಡೆಲ್ ಎಂಬಾತ ವಿಮಾನದಲ್ಲಿ ಬಂದು ಉತ್ತರಗಳನ್ನು ಹೇಳಿಕೊಡುತ್ತಿದ್ದ, ಇಲ್ಲವೇ ಪರೀಕ್ಷೆ ಮುಗಿದ ಮೇಲೆ ತಿದ್ದುತ್ತಿದ್ದ, ಕೆಲವೊಮ್ಮೆ ತಾನೇ ಬರೆಯುತ್ತಿದ್ದ. ಒಂದು ಪರೀಕ್ಷೆಗೆ ಪೋಷಕರಿಂದ 15,000ದಿಂದ 75,000 ಡಾಲರ್‌ವರೆಗೆ ವಸೂಲಾಗುತ್ತಿತ್ತು. ರಿಡೆಲ್‌ಗೆ ಸಾಮಾನ್ಯವಾಗಿ ಸಿಗುತ್ತಿದ್ದುದು 10,000. ವೃತ್ತಿ ಹಿನ್ನೆಲೆಯ ದೃಷ್ಟಿಯಿಂದ ಈ ರಿಡೆಲ್ ಸಿಂಗರ್‌ಗಿಂತಲೂ ಕುತೂಹಲದ ವ್ಯಕ್ತಿ. ಆತ ಹಾರ್ವರ್ಡ್ ಪದವೀಧರ, ಹೆಸರುವಾಸಿ ವಸತಿ ಶಾಲೆಯೊಂದರಲ್ಲಿ ಪ್ರವೇಶ ಪರೀಕ್ಷೆಗಳ ತಯಾರಿಯ ಮುಖ್ಯಸ್ಥ. ಅವನ ವಿದ್ಯೆಯಲ್ಲಿ ಸುಳ್ಳೇನೂ ಇರಲಿಲ್ಲ. ಇಂತಿಷ್ಟೇ ಅಂಕ ಬರಲಿ, ಅದಕ್ಕಿಂತ ಹೆಚ್ಚಾದರೆ ಅನುಮಾನ ಬಂದೀತು ಎಂದರೆ ಹೆಚ್ಚುಕಡಿಮೆ ಅಷ್ಟೇ ಅಂಕ ಬರುವಂತೆ ಉತ್ತರಿಸಬಲ್ಲಷ್ಟು ಪಳಗಿದ ಕೈ ಅದು.

ಎರಡನೆಯ ಕದ ಕ್ರೀಡೆ. ಅಮೆರಿಕದ ವಿಶ್ವವಿದ್ಯಾಲಯಗಳು ಪ್ರತಿ ವರ್ಷ ಕೆಲವು ಸೀಟುಗಳನ್ನು ತಂಡಗಳ ಕೋಚ್‌ಗಳ ಶಿಫಾರಸಿಗೆ ಬಿಡುತ್ತವೆ. ಜಾರ್ಜ್‌ಟೌನ್‌ನಲ್ಲಿ ಇಂಥವು ಸುಮಾರು 158 ಎಂದು ತನಿಖಾಧಿಕಾರಿಗಳು ನ್ಯಾಯಾಲಯಕ್ಕೆ ತಿಳಿಸಿದ್ದರು. ಫುಟ್‌ಬಾಲ್, ಬಾಸ್ಕೆಟ್‌ಬಾಲ್‌ಗಳಂಥ ಆಟಗಳಲ್ಲಿ ಇಡೀ ದೇಶವೇ ಆಟಗಾರನ ಹೆಸರನ್ನು ಬಲ್ಲದು; ಅಲ್ಲಿ ಮೋಸ ನಡೆಯುವುದು ಕಷ್ಟ. ದೋಣಿ ಹುಟ್ಟುಹಾಕುವ ಸ್ಪರ್ಧೆ, ಹಾಯಿದೋಣಿ, ವಾಟರ್ ಪೋಲೊ, ಟೆನಿಸ್‌ಗಳನ್ನು ನೋಡುವವರು ಕಡಿಮೆ, ಪ್ರಶ್ನಿಸುವವರು ಇನ್ನೂ ಕಡಿಮೆ. ಸಿಂಗರ್ ಹೆಚ್ಚಾಗಿ ಆರಿಸಿಕೊಂಡದ್ದು ಇಂಥವುಗಳನ್ನು. ಎಂದೂ ನೀರಿಗಿಳಿಯದ ಹುಡುಗನ ಮುಖವನ್ನು ಆಟಗಾರನೊಬ್ಬನ ಚಿತ್ರಕ್ಕೆ ಅಂಟಿಸಿ, ಇಲ್ಲದ ಪದಕಗಳನ್ನು ಪಟ್ಟಿಮಾಡಿ, ಲಂಚ ಪಡೆದ ಕೋಚ್‌ನ ಕೈಯಿಂದಲೇ ಆ ಕಡತವನ್ನು ಪ್ರವೇಶ ಕಚೇರಿಗೆ ಕಳಿಸಲಾಗುತ್ತಿತ್ತು. ಸಹಾಯಕ ಕೋಚ್ ಆಗಿ ದುಡಿಯದ ಒಬ್ಬ ಮಾಮೂಲಿ ದಲ್ಲಾಳಿಗೆ ಈ ಸಂದು ಕಣ್ಣಿಗೆ ಬೀಳುತ್ತಿತ್ತೇ ಎಂಬುದು ಅನುಮಾನ. ಅವನ ಹಿನ್ನೆಲೆ ಅವನಿಗೆ ನಿಜವಾಗಿಯೂ ಕೆಲಸಕ್ಕೆ ಬಂದದ್ದು ಇಲ್ಲಿ.

ಹಣ ಹರಿಯುತ್ತಿದ್ದುದು ದತ್ತಿ ಪ್ರತಿಷ್ಠಾನದ ಮೂಲಕ. ಪೋಷಕರು ಪ್ರತಿಷ್ಠಾನಕ್ಕೆ ‘ದೇಣಿಗೆ’ ಕೊಡುತ್ತಿದ್ದರು. ಬಡ ಮಕ್ಕಳ ಶಿಕ್ಷಣಕ್ಕಾಗಿ ನೀವು ಕೊಟ್ಟ ಕೊಡುಗೆಗೆ ಧನ್ಯವಾದ, ಇದಕ್ಕೆ ಪ್ರತಿಯಾಗಿ ಯಾವ ಸೇವೆಯನ್ನೂ ನೀಡಲಾಗಿಲ್ಲ ಎಂಬ ಪತ್ರ ಅವರ ಮನೆಗೆ ಬರುತ್ತಿತ್ತು. ಅದನ್ನು ತೋರಿಸಿ ಆದಾಯ ತೆರಿಗೆಯಲ್ಲಿ ವಿನಾಯಿತಿಯನ್ನೂ ಪಡೆಯಬಹುದಿತ್ತು. ಲಂಚಕ್ಕೂ ತೆರಿಗೆ ವಿನಾಯಿತಿ ಪಡೆಯುವ ಈ ಏರ್ಪಾಡಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಜಾರ್ಜ್‌ಟೌನ್‌ನ ಟೆನಿಸ್ ಕೋಚ್ ಒಬ್ಬನಿಗೇ 2012ರಿಂದ 2018ರ ನಡುವೆ 27 ಲಕ್ಷ ಡಾಲರ್‌ಗೂ ಹೆಚ್ಚು ಸಂದಿತ್ತೆಂದು ಮೊದಲ ಆರೋಪಪಟ್ಟಿ ಹೇಳಿತು. ಅದಕ್ಕೆ ಹಚ್ಚಿದ್ದ ಹಣೆಪಟ್ಟಿ ‘ಸಲಹಾ ಶುಲ್ಕ’. 2011ರಿಂದ 2019ರ ಫೆಬ್ರವರಿವರೆಗೆ ಪೋಷಕರಿಂದ ಸಿಂಗರ್ ಕೈಸೇರಿದ್ದು ಒಟ್ಟು ಸುಮಾರು 2.5 ಕೋಟಿ ಡಾಲರ್.

ಹಿನ್ನೆಲೆಯನ್ನು ಯಾರು ಓದಿದರು

ಇಂಥ ಪ್ರಕರಣ ಕೇಳಿದ ಕೂಡಲೇ ಸಾಮಾನ್ಯವಾಗಿ ಬರುವ ಮಾತು, ಪೋಷಕರು ಸಲಹೆಗಾರನ ಹಿನ್ನೆಲೆಯನ್ನು ವಿಚಾರಿಸಬೇಕಿತ್ತು ಎಂಬುದು. ನನ್ನ ಓದಿನಲ್ಲಿ, ತಪ್ಪಿತಸ್ಥ ಪೋಷಕರ ಮಟ್ಟಿಗೆ ಈ ಮಾತು ಗುರಿ ತಪ್ಪಿದ್ದು. ಅವರು ವಿಚಾರಿಸಿದ್ದರು. ವಕೀಲರು, ಬಂಡವಾಳ ಹೂಡಿಕೆದಾರರು, ದೊಡ್ಡ ಕಂಪನಿಗಳ ಒಡೆಯರು ಅವರಲ್ಲಿದ್ದರು. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ನಾಲ್ಕು ಕಡೆ ಕೇಳುವುದು ಅವರ ದಿನನಿತ್ಯದ ರೂಢಿ. ಅವರಿಗೆ ಬೇಕಿದ್ದದ್ದು ಪದವಿಯೂ ಅಲ್ಲ, ಸಂಘದ ಸದಸ್ಯತ್ವವೂ ಅಲ್ಲ. ಒಳಗಿನವರ ಗುರುತು ಪರಿಚಯ. ಸಿಂಗರ್‌ನ ಹಿನ್ನೆಲೆಯಲ್ಲಿ ಒಬ್ಬ ವೃತ್ತಿಪರನಿಗೆ ಕೊರತೆಯಾಗಿ ಕಾಣಬೇಕಿದ್ದ ಅಂಶಗಳೇ ಅವರ ಕಣ್ಣಿಗೆ ಅರ್ಹತೆಯಾಗಿ ಕಂಡವು. ಅದೇ ನ್ಯೂಪೋರ್ಟ್ ಬೀಚಿನಲ್ಲಿ, ಯಾವ ಖಾತರಿಯನ್ನೂ ಕೊಡದೆ, ನಿಮ್ಮ ಮಗನ ಅಂಕಕ್ಕೆ ಈ ಕಾಲೇಜು ಹೊಂದುವುದಿಲ್ಲ ಎಂದು ಮುಖಕ್ಕೆ ಹೇಳುವ ಸಲಹೆಗಾರರು ಇದ್ದಿರಲೇಬೇಕು. ಈ ಗಿರಾಕಿಗಳು ಅಂಥವರ ಮೆಟ್ಟಿಲು ಹತ್ತಲಿಲ್ಲ, ಹತ್ತಿದರೂ ಇಳಿದು ಬಂದರು.

ಹಾಗಾದರೆ ಅನುಮಾನಪಟ್ಟವರು ಯಾರು? ಈ ಪ್ರಕರಣದ ಕಡತಗಳಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ತೋರುವುದು ಒಂದು ಸಣ್ಣ ಘಟನೆ. ಲಾಸ್ ಏಂಜಲೀಸ್‌ನ ಖಾಸಗಿ ಪ್ರೌಢಶಾಲೆಯೊಂದರ ಸಲಹೆಗಾರರಿಗೆ, ತಮ್ಮ ವಿದ್ಯಾರ್ಥಿನಿ ದೋಣಿ ಸ್ಪರ್ಧೆಯ ಆಟಗಾರ್ತಿಯೆಂದು ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯಕ್ಕೆ ಆಯ್ಕೆಯಾಗಿದ್ದಾಳೆ ಎಂಬ ಸಂಗತಿ ತಿಳಿಯಿತು. ಆ ಹುಡುಗಿ ಹುಟ್ಟು ಹಿಡಿದವಳಲ್ಲ ಎಂಬುದು ಅವರಿಗೆ ಗೊತ್ತಿತ್ತು; ತಮ್ಮ ಅನುಮಾನವನ್ನು ವಿಶ್ವವಿದ್ಯಾಲಯದ ಕಿವಿಗೆ ಹಾಕಿದರು. ಅದರ ಫಲವಾಗಿ ಹುಡುಗಿಯ ತಂದೆ ಶಾಲೆಗೇ ಬಂದು ಗದರಿದ. ಸಂಚಿನಲ್ಲಿ ಪಾಲುಗಾರಳಾಗಿದ್ದ ವಿಶ್ವವಿದ್ಯಾಲಯದ ಕ್ರೀಡಾ ಅಧಿಕಾರಿ ಸಿಂಗರ್‌ನ ಫೋನಿಗೆ ಸಂದೇಶ ಬಿಟ್ಟು, ಪೋಷಕರು ಹೀಗೆ ಶಾಲೆಯ ಸಲಹೆಗಾರರ ಮೇಲೆ ಕೂಗಾಡಬಾರದು ಎಂದು ಎಚ್ಚರಿಸಿದಳು. ಹುಡುಗಿಯನ್ನು ದಿನವೂ ಕಾಣುವ, ಸಂಬಳಕ್ಕೆ ದುಡಿಯುವ, ಗಿರಾಕಿಗಳನ್ನು ಹುಡುಕಬೇಕಿಲ್ಲದ ಒಬ್ಬ ಶಾಲಾ ನೌಕರ ಹಿಡಿದ ಎಳೆಯನ್ನು ಯಾರೂ ಎಳೆದು ನೋಡಲಿಲ್ಲ. ಜಾರ್ಜ್‌ಟೌನ್ ಮಾತ್ರ 2017ರಲ್ಲಿ ತನ್ನ ಟೆನಿಸ್ ತಂಡದ ಆಯ್ಕೆಗಳಲ್ಲಿ ಅಸಂಗತಿಗಳನ್ನು ಕಂಡು ಕೋಚ್‌ನನ್ನು ರಜೆಯ ಮೇಲೆ ಕಳಿಸಿತ್ತು.

ಕೊನೆಗೆ ಎಲ್ಲವೂ ಬಯಲಾದದ್ದು ಪ್ರವೇಶಕ್ಕೂ ಶಿಕ್ಷಣಕ್ಕೂ ಸಂಬಂಧವಿಲ್ಲದ ಷೇರು ವಂಚನೆಯ ತನಿಖೆಯಿಂದ. ಅದರಲ್ಲಿ ಸಿಕ್ಕಿಬಿದ್ದ ವ್ಯಕ್ತಿಯೊಬ್ಬ ತನ್ನ ಶಿಕ್ಷೆ ಕಡಿಮೆಯಾಗಲೆಂದು, ಯೇಲ್‌ನ ಮಹಿಳಾ ಸಾಕರ್ ತಂಡದ ಕೋಚ್ ತನ್ನ ಮಗಳಿಗೆ ಸೀಟು ಕೊಡಿಸಲು ಹಣ ಕೇಳಿದ್ದಾನೆ ಎಂದು ಬಾಯಿಬಿಟ್ಟ. 2018ರ ಏಪ್ರಿಲ್‌ನಲ್ಲಿ ಬಾಸ್ಟನ್ನಿನ ಹೋಟೆಲ್ ಕೋಣೆಯೊಂದರಲ್ಲಿ ಆ ಕೋಚ್ 4,50,000 ಡಾಲರ್ ಬೇಡಿಕೆಯಿಟ್ಟದ್ದು ಗುಪ್ತವಾಗಿ ಚಿತ್ರಿತವಾಯಿತು. ಅವನಿಂದ ಸಿಂಗರ್ ಹೆಸರು ಹೊರಬಂತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ತನಿಖಾಧಿಕಾರಿಗಳ ಕೈಗೆ ಸಿಕ್ಕ ಸಿಂಗರ್, ಗಿರಾಕಿಗಳೊಡನೆ ತನ್ನ ಮಾತುಗಳನ್ನು ದಾಖಲಿಸಲು ಒಪ್ಪಿಕೊಂಡ. ಒಪ್ಪಿಕೊಂಡ ಮೇಲೂ ಕೆಲವು ಕುಟುಂಬಗಳಿಗೆ ಗುಟ್ಟಾಗಿ ಎಚ್ಚರಿಕೆ ಕೊಟ್ಟದ್ದೇ ನ್ಯಾಯಕ್ಕೆ ಅಡ್ಡಿಯೆಂಬ ನಾಲ್ಕನೆಯ ಆರೋಪವಾಯಿತು.

2023ರ ಜನವರಿ 4ರಂದು ಅವನಿಗೆ ಮೂರೂವರೆ ವರ್ಷಗಳ ಸೆರೆವಾಸ ವಿಧಿಸಲಾಯಿತು. ತೆರಿಗೆ ಇಲಾಖೆಗೆ 1 ಕೋಟಿಗೂ ಹೆಚ್ಚು ಡಾಲರ್ ಮರುಪಾವತಿಸಬೇಕೆಂಬ ಆದೇಶವೂ ಆಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯವು, ವಿಚಾರಣೆ ಎದುರಿಸಿ ತಪ್ಪಿತಸ್ಥರೆನಿಸಿಕೊಂಡಿದ್ದ ಇಬ್ಬರು ತಂದೆಯರ ಮೇಲಿನ ತೀರ್ಪುಗಳಲ್ಲಿ ಬಹುಪಾಲನ್ನು ರದ್ದುಮಾಡಿತು. ವಂಚನೆಗೆ ಗುರಿಯಾಯಿತೆನ್ನಲಾದ ವಿಶ್ವವಿದ್ಯಾಲಯದ ಬೊಕ್ಕಸಕ್ಕೇ ಹಣ ಹೋದಾಗ ಅದನ್ನು ಆರೋಪ ಹೊರಿಸಿದ್ದ ಕಾನೂನಿನಡಿ ಲಂಚವೆನ್ನಲಾಗದು ಎಂಬುದು ಅದರ ತರ್ಕ. ಪಕ್ಕದ ಬಾಗಿಲಿಗೂ ಹಿತ್ತಿಲ ಬಾಗಿಲಿಗೂ ನಡುವಿನ ಗೋಡೆ ಎಷ್ಟು ತೆಳುವಾದದ್ದೆಂಬುದನ್ನು ಆ ತೀರ್ಪು ತೋರಿಸಿತು.

ಬೆಂಗಳೂರಿನಿಂದಲೋ ಕ್ಯಾಲಿಫೋರ್ನಿಯದಲ್ಲೇ ನೆಲೆಸಿದ ಕನ್ನಡದ ಮನೆಗಳಿಂದಲೋ ಈ ಕಾಲೇಜುಗಳಿಗೆ ಅರ್ಜಿ ಹಾಕುವವರಿಗೆ ಇಲ್ಲಿ ಗಮನಿಸಬೇಕಾದ ಒಂದು ವ್ಯತ್ಯಾಸವಿದೆ. ನಮ್ಮ ಊರುಗಳಲ್ಲಿ ವಿದೇಶಿ ಶಿಕ್ಷಣದ ಸಲಹೆಗಾರರೆಂದು ಫಲಕ ಹಾಕಿಕೊಂಡ ಅನೇಕರು ವಿದ್ಯಾರ್ಥಿಯಿಂದ ಹಣ ಪಡೆಯದೆ ಬ್ರಿಟನ್, ಆಸ್ಟ್ರೇಲಿಯಗಳ ವಿಶ್ವವಿದ್ಯಾಲಯಗಳಿಂದ ಕಮಿಷನ್ ಪಡೆಯುವ ಏಜೆಂಟರು. ಅಮೆರಿಕದ ಸ್ವತಂತ್ರ ಸಲಹೆಗಾರರ ಸಂಘ ನಿಷೇಧಿಸುವುದು ಇದನ್ನೇ. ಎರಡೂ ಕಸುಬುಗಳಿಗೆ ಒಂದೇ ಹೆಸರಿರುವುದರಿಂದ, ಎದುರಿಗೆ ಕುಳಿತವರಿಗೆ ಹಣ ಯಾವ ಕಡೆಯಿಂದ ಬರುತ್ತದೆ ಎಂಬುದನ್ನು ಕೇಳಿ ತಿಳಿಯದೆ ಅವರ ಪದವಿಗಳನ್ನು ಓದಿ ಪ್ರಯೋಜನವಿಲ್ಲ.

ಸಿಂಗರ್ ಜೈಲಿನಿಂದ ಹೊರಬಂದ ಮೇಲೆ ಮತ್ತೆ ಕಾಲೇಜು ಪ್ರವೇಶ ಸಲಹೆಯ ವ್ಯವಹಾರಕ್ಕೇ ಕೈಹಾಕಿದ. ಹೊಸ ಸಂಸ್ಥೆಯ ಹೆಸರು ‘ಐಡಿ ಫ್ಯೂಚರ್ ಸ್ಟಾರ್ಸ್’. ಮೂವತ್ತು ವರ್ಷಗಳ ಹಿಂದೆ ಸ್ಯಾಕ್ರಮೆಂಟೊದಲ್ಲಿ ತೆರೆದ ಮೊದಲ ಅಂಗಡಿಯ ಹೆಸರೇ ಅದರಲ್ಲಿ ಉಳಿದಿದೆ. ಪರವಾನಗಿಯೇ ಇಲ್ಲದ ವೃತ್ತಿಯಲ್ಲಿ ರದ್ದುಮಾಡಲು ಪರವಾನಗಿಯೂ ಇರುವುದಿಲ್ಲ. 2025ರ ಬೇಸಿಗೆಯಲ್ಲಿ ಫೆಡರಲ್ ನ್ಯಾಯಾಲಯ ಅವನ ವ್ಯವಹಾರವನ್ನು ತಡೆಯಲಿಲ್ಲ. ತಾನು ಯಾವ ಅಪರಾಧಗಳಿಗಾಗಿ ಶಿಕ್ಷೆ ಅನುಭವಿಸಿದೆ ಎಂಬುದನ್ನು ತಿಳಿಸುವ ಸುಮಾರು 270 ಪದಗಳ ಹೇಳಿಕೆಯೊಂದನ್ನು ಗಿರಾಕಿಗಳಾಗಿ ಬರುವವರ ಮುಂದಿಡಬೇಕೆಂದು ಮಾತ್ರ ಷರತ್ತು ಹಾಕಿತು.